ಮುಖಗವಸಿನ ವಿವೇಚನೆ

1910ನೆಯ ಇಸವಿಯ ಡಿಸೆಂಬರ್ ತಿಂಗಳ ಕಡೆಯ ವಾರದಲ್ಲಿ, ಮಂಚೂರಿಯದ ಹಾರ್ಬಿನ್ ಪಟ್ಟಣದಲ್ಲಿ ನೆಲವು ಹೆಪ್ಪುಗಟ್ಟಿ ಗುಳಿ ತೋಡಲಾರದೆ ಹೆಣಗಳನ್ನು ಊರ ಹೊರಗೆ ಸಾಲಾಗಿ ಒಟ್ಟುತ್ತಿದ್ದ ಹೊತ್ತಿನಲ್ಲಿ, ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ್ದ ವೂ ಲಿಯೆನ್-ತೆ ಎಂಬ ತರುಣ ವೈದ್ಯರು ಚೀನಾ ಸರ್ಕಾರದ ಅಪ್ಪಣೆಯ ಮೇರೆಗೆ ಅಲ್ಲಿಗೆ ಬಂದಿಳಿದರು. ಶವವೊಂದನ್ನು ಕೊಯ್ದು ಪರೀಕ್ಷಿಸಿದಾಗ ಸೂಕ್ಷ್ಮದರ್ಶಕದ ಕೆಳಗೆ ಕಂಡುದು ಪ್ಲೇಗಿನ ರೋಗಾಣುವೇ. ಆದರೆ ಆ ಊರಿನ ಇಲಿಗಳನ್ನು ಕೊಯ್ದು ನೋಡಿದವರಿಗೆ ಅವುಗಳಲ್ಲಿ ರೋಗದ ಕುರುಹು ದೊರೆತಿರಲಿಲ್ಲ. ಇದು ಇಲಿಯಿಂದ ಚಿಗಟಕ್ಕೂ ಚಿಗಟದಿಂದ ಮನುಷ್ಯನಿಗೂ ದಾಟುವ ಪ್ಲೇಗಲ್ಲ, ರೋಗಿಯ ಕೆಮ್ಮಿನೊಡನೆ ಹೊರಬಿದ್ದು ಪಕ್ಕದವನ ಉಸಿರಿನೊಡನೆ ಒಳಹೋಗುವ ಪುಪ್ಪುಸದ ಪ್ಲೇಗು ಎಂದು ನಿಶ್ಚಯಿಸಿದ ವೂ ಅವರು, ಎರಡು ಪದರ ಜಾಳುಬಟ್ಟೆಯ ನಡುವೆ ಹತ್ತಿಯನ್ನಿಟ್ಟು, ಅಂಚುಗಳು ಮುಖಕ್ಕೆ ಅಂಟಿಕೊಳ್ಳುವಂತೆ ತಲೆಯ ಹಿಂದೆ ಬಿಗಿದು ಕಟ್ಟುವ ಅಗ್ಗದ ಮುಖಗವಸೊಂದನ್ನು ಮಾಡಿಸಿ, ವೈದ್ಯರಿಂದ ಹಿಡಿದು ಹೆಣ ಹೊರುವವರವರೆಗೆ ಎಲ್ಲರೂ ಅದನ್ನು ಧರಿಸತಕ್ಕದ್ದೆಂದು ವಿಧಿಸಿದರು. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಈ ಮಾತನ್ನು ಒಪ್ಪದೆ, ಗವಸಿಲ್ಲದೆಯೇ ರೋಗಿಗಳನ್ನು ನೋಡಲು ಹೋದರು. ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡ ಆ ಮಾರಿಯು 1911ರ ವಸಂತದ ಹೊತ್ತಿಗೆ ಅಡಗಿತು.

ಇದಕ್ಕೆ ಹನ್ನೆರಡು ವರ್ಷಗಳ ಹಿಂದೆ, 1898ರಲ್ಲಿ, ಇದೇ ರೋಗಾಣುವು ಬೆಂಗಳೂರನ್ನು ಹೊಕ್ಕಿತ್ತು. ಜನರು ಮನೆಮಠಗಳನ್ನು ತೊರೆದು ಬಯಲಿನ ಜೋಪಡಿಗಳಲ್ಲಿ ದಿನ ಕಳೆದರು; ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು; ಮಲ್ಲೇಶ್ವರ, ಬಸವನಗುಡಿಗಳಂತಹ ಗಾಳಿಬೆಳಕಿನ ಬಡಾವಣೆಗಳು ಬೆಳೆಯುವುದಕ್ಕೆ ಆ ದುರ್ದಿನಗಳೂ ಒಂದು ಕಾರಣವಾದುವು. ಅದೇ ವರ್ಷ ಕರಾಚಿಯಲ್ಲಿ ಪಾಲ್-ಲೂಯಿ ಸಿಮಾಂ ಎಂಬ ವೈದ್ಯರು, ರೋಗವನ್ನು ಸಾಗಿಸುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಪ್ರಯೋಗದಿಂದ ತೋರಿಸಿದರು. ಬೆಂಗಳೂರಿನವರು ಅಂದು ಎಷ್ಟೇ ಉತ್ತಮವಾದ ಮುಖಗವಸನ್ನು ಧರಿಸಿದ್ದರೂ ಚಿಗಟದ ಕಡಿತದಿಂದ ಅದು ಅವರನ್ನು ಕಾಪಾಡುತ್ತಿರಲಿಲ್ಲ. ಹಾರ್ಬಿನ್ನಿನಲ್ಲಿ ಅದೇ ಗವಸು ಜೀವರಕ್ಷಕವಾಯಿತು. ರೋಗಾಣು ಒಂದೇ, ಬರುವ ದಾರಿ ಬೇರೆ. ಗವಸನ್ನು ಕೊಳ್ಳಲು ಅಂಗಡಿಗೆ ಹೋಗುವವನು ಅದರ ಹೆಸರನ್ನೂ ಬೆಲೆಯನ್ನೂ ಕೇಳುವುದಕ್ಕಿಂತ ಮೊದಲು, ನನ್ನನ್ನು ಬಾಧಿಸಬಹುದಾದುದು ಯಾವ ರೂಪದಲ್ಲಿ ಯಾವ ದಾರಿಯಿಂದ ಬರುತ್ತದೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರೆ ಬೇಡ.

ಉಸಿರಿನ ಮೂಲಕ ಬರುವ ಕೇಡುಗಳು ಸ್ಥೂಲವಾಗಿ ಮೂರು ಬಗೆಯವು. ಗಾಳಿಯಲ್ಲಿ ತೇಲುವ ಕಣಗಳು ಮೊದಲನೆಯ ಬಗೆ: ಧೂಳು, ಹೊಗೆಯ ಮಸಿ, ಬೂಷ್ಟಿನ ಬೀಜಾಣು, ರೋಗಿಯ ಬಾಯಿಂದ ಸಿಡಿದ ತುಂತುರು. ಗಾಳಿಯೊಡನೆ ಅಣುರೂಪದಲ್ಲಿ ಬೆರೆತುಹೋದ ಅನಿಲಗಳೂ ಆವಿಗಳೂ ಎರಡನೆಯ ಬಗೆ: ಕ್ಲೋರಿನ್, ಅಮೋನಿಯ, ಬಣ್ಣದ ತಿನ್ನರ್, ಇಂಗಾಲದ ಮಾನಾಕ್ಸೈಡ್. ಇರಬೇಕಾದ ಆಮ್ಲಜನಕವೇ ಇಲ್ಲದಿರುವುದು ಮೂರನೆಯದು. ಈ ಮೂರಕ್ಕೂ ಒಂದೇ ಗವಸು ಸಾಲದು. ಮನೆಗಳಲ್ಲಿ ನಡೆಯುವ ಅನಾಹುತಗಳಲ್ಲಿ ಅನೇಕವು ಒಂದು ಬಗೆಗೆ ತಕ್ಕುದಾದ ಸಾಧನವನ್ನು ಇನ್ನೊಂದು ಬಗೆಯ ಎದುರಿಗೆ ನಂಬಿ ನಿಂತುದರಿಂದಲೇ ಆಗುತ್ತವೆ.

ಮೊದಲು ಕಣಗಳ ವಿಚಾರ. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಕುಣಿಯುವ ಧೂಳನ್ನು ಕಂಡು ಮೂಗು ಮುಚ್ಚಿಕೊಳ್ಳುವವರು ಬಹಳ. ಆದರೆ ಕಣ್ಣಿಗೆ ಕಾಣುವಷ್ಟು ದೊಡ್ಡದಾದ ಕಣವು ಮೂಗಿನ ಕೂದಲಿನಲ್ಲಿಯೋ ಗಂಟಲಿನ ಲೋಳೆಯಲ್ಲಿಯೋ ಸಿಕ್ಕಿಬಿದ್ದು, ಸೀನಿನೊಡನೆ ಅಥವಾ ಕಫದೊಡನೆ ಹೊರಬೀಳುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು; ನಮ್ಮ ತಲೆಗೂದಲಿನ ದಪ್ಪ ಐವತ್ತರಿಂದ ಎಪ್ಪತ್ತು ಮೈಕ್ರಾನ್ ಇರುತ್ತದೆ. ಐದು ಮೈಕ್ರಾನಿಗಿಂತ ಕಿರಿದಾದ, ಎಂದರೆ ಕಣ್ಣಿಗೆ ಬಿಡಿಯಾಗಿ ಎಂದೂ ಕಾಣದ ಕಣವೇ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿದು ಅಲ್ಲಿ ನೆಲೆಸತಕ್ಕದ್ದು. ಇದರ ಕಠೋರವಾದ ಸಾಕ್ಷ್ಯ ನಮ್ಮ ನಾಡಿನಲ್ಲಿಯೇ ಇದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆಯನ್ನು ಕೊರೆಯುವಾಗ ಏಳುತ್ತಿದ್ದ ಸಿಲಿಕದ ನುಣ್ಣನೆಯ ಪುಡಿಯು ಕಾರ್ಮಿಕರ ಪುಪ್ಪುಸಗಳನ್ನು ಸೇರಿ, ಅಲ್ಲಿಯ ಮೃದುವಾದ ಅಂಗಾಂಶವನ್ನು ಕಲೆಗಟ್ಟಿಸಿ ಗಡುಸಾಗಿಸುತ್ತಿತ್ತು; ಭಾರತದಲ್ಲಿ ಸಿಲಿಕೋಸಿಸ್ ರೋಗವು ಮೊದಲು ವರದಿಯಾದುದು 1934ರಲ್ಲಿ, ಆ ಗಣಿಗಳಿಂದಲೇ. ಒಮ್ಮೆ ಕಲೆಗಟ್ಟಿದ ಪುಪ್ಪುಸವನ್ನು ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ. ಕಲ್ಲು ಕೊರೆಯುವಾಗ ನೀರು ಹಾಯಿಸಿ ಧೂಳು ಏಳದಂತೆಯೇ ಮಾಡುವ ಕ್ರಮವು ಗಣಿಗಳಲ್ಲಿ ರೂಢಿಗೆ ಬಂದುದರ ಮರ್ಮವೂ ಇದೇ: ಗಾಳಿಗೆ ಏರದ ಧೂಳಿಗೆ ಗವಸು ಬೇಕಿಲ್ಲ. ಮನೆಯ ಗೋಡೆಯ ಹಳೆಯ ಬಣ್ಣವನ್ನು ಕೆರೆಯುವವನು ಮೊದಲು ಗೋಡೆಯನ್ನು ತೋಯಿಸುವುದೂ ಅದೇ ವಿವೇಕ.

ಇಂತಹ ಕಿರಿಯ ಕಣಗಳನ್ನು ಗವಸಿನ ಪದರವು ತಡೆಯುವ ಬಗೆಯನ್ನು ಕುರಿತು ಒಂದು ತಪ್ಪು ಭಾವನೆ ಪ್ರಚಲಿತವಾಗಿದೆ. ರಾಗಿ ಹಿಟ್ಟನ್ನು ಜರಡಿ ಹಿಡಿದಂತೆ, ರಂಧ್ರಕ್ಕಿಂತ ದೊಡ್ಡದು ಮೇಲೆ ಉಳಿದು ಚಿಕ್ಕದು ಕೆಳಗಿಳಿಯುತ್ತದೆಂದೂ, ಆದುದರಿಂದ ವೈರಾಣುವಿನಷ್ಟು ಸಣ್ಣದನ್ನು ಯಾವ ಬಟ್ಟೆಯೂ ತಡೆಯಲಾರದೆಂದೂ ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಶೋಧಕವು ಜರಡಿಯೇ ಅಲ್ಲ. ಅದು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಸಹಸ್ರಾರು ಎಳೆಗಳ ಕಾಡು. ಗಾಳಿಯು ಆ ಎಳೆಗಳ ನಡುವೆ ಸುತ್ತಿ ಬಳಸಿ ಹರಿಯುವಾಗ, ತುಸು ಭಾರವಾದ ಕಣವು ತನ್ನ ಜಡತ್ವದಿಂದಾಗಿ ತಿರುವಿನಲ್ಲಿ ತಿರುಗಲಾರದೆ ನೇರವಾಗಿ ಎಳೆಗೆ ಬಡಿದು ಅಂಟಿಕೊಳ್ಳುತ್ತದೆ. ಅತಿ ಸೂಕ್ಷ್ಮವಾದ ಕಣದ ಗತಿ ಬೇರೆಯದು. ಗಾಳಿಯ ಅಣುಗಳು ಎಲ್ಲ ದಿಕ್ಕುಗಳಿಂದಲೂ ತಾಡಿಸುವುದರಿಂದ ಅದು ನೆಟ್ಟಗೆ ಚಲಿಸಲಾರದೆ ತೊನೆದಾಡುತ್ತ, ಯಾವುದಾದರೊಂದು ಎಳೆಯನ್ನು ಮುಟ್ಟಿಯೇ ಮುಟ್ಟುತ್ತದೆ; ಮುಟ್ಟಿದ ಮೇಲೆ ಬಿಡಿಸಿಕೊಳ್ಳಲಾರದು. ನೇರವಾಗಿ ಬಡಿಯುವಷ್ಟು ಭಾರವೂ ಅಲ್ಲದ, ಹಾಗೆ ತೊನೆದಾಡುವಷ್ಟು ಹಗುರವೂ ಅಲ್ಲದ ನಡುಗಾತ್ರದ ಕಣಗಳೇ, ಸುಮಾರು 0.3 ಮೈಕ್ರಾನಿನ ಆಸುಪಾಸಿನವೇ, ಎಳೆಗಳ ನಡುವೆ ನುಸುಳಿ ಪಾರಾಗುವುದರಲ್ಲಿ ಸಮರ್ಥವಾದುವು. ಆದುದರಿಂದ ಶೋಧಕಗಳನ್ನು ಪರೀಕ್ಷಿಸುವಾಗ ಹಿಡಿಯಲು ಸುಲಭವಾದುದನ್ನು ಬಿಟ್ಟು ಅತ್ಯಂತ ಕಷ್ಟವಾದ ಈ ಗಾತ್ರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪದ್ಧತಿ.

ಎಳೆಗಳನ್ನು ದಟ್ಟವಾಗಿಸಿದಷ್ಟೂ ಶೋಧನೆ ಹೆಚ್ಚುತ್ತದೆ, ಆದರೆ ಉಸಿರಾಟವೂ ದುಸ್ಸಾಧ್ಯವಾಗುತ್ತದೆ. ಈ ಉಭಯಸಂಕಟದಿಂದ ಪಾರುಮಾಡಿದ್ದು ಸ್ಥಾಯೀವಿದ್ಯುತ್ತು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯ ರಭಸದಿಂದ ಕೆಲವೇ ಮೈಕ್ರಾನ್ ದಪ್ಪದ ಎಳೆಗಳಾಗಿ ಊದಿ ಹಾಸಿ, ಆ ಹಾಸಿಗೆ ಬಹುಕಾಲ ಉಳಿಯುವಂತಹ ವಿದ್ಯುದಾವೇಶವನ್ನು ತುಂಬಿದರೆ, ಎಳೆಗಳು ತಮ್ಮ ಬಳಿ ಹಾಯುವ ಕಣಗಳನ್ನು ತಾವೇ ಸೆಳೆದುಕೊಳ್ಳುತ್ತವೆ; ಆವೇಶವಿಲ್ಲದ ಕಣದಲ್ಲಿಯೂ ಪ್ರೇರಣೆಯಿಂದ ಧ್ರುವಗಳು ಮೂಡಿ ಅದೂ ಎಳೆಯತ್ತ ವಾಲುತ್ತದೆ. ಹೀಗೆ ತೆಳುವಾದ, ಸಲೀಸಾಗಿ ಉಸಿರಾಡಬಹುದಾದ ಪದರವೇ ದಪ್ಪನೆಯ ಹತ್ತಿಯ ಪದರಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಕೆಲಸ ಮಾಡಬಲ್ಲುದಾಯಿತು. ಈ ವಿದ್ಯೆಯನ್ನು ಇಂದಿನ ಮಟ್ಟಕ್ಕೆ ತಂದವರಲ್ಲಿ ತೈವಾನಿನಲ್ಲಿ ಹುಟ್ಟಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಪೀಟರ್ ತ್ಸಾಯ್ ಪ್ರಮುಖರು. 2020ರಲ್ಲಿ ಕೋವಿಡ್ ಹಬ್ಬಿ ಗವಸುಗಳಿಗೆ ಅಭಾವವುಂಟಾದಾಗ ಅವರು ನಿವೃತ್ತಿಯ ವಿಶ್ರಾಂತಿಯನ್ನು ಬದಿಗಿಟ್ಟು, ಬಳಸಿದ ಗವಸನ್ನು ಮತ್ತೆ ಬಳಸುವ ವಿಧಾನಗಳನ್ನು ಅರಸಲು ತೊಡಗಿದರು. ಇಂತಹ ಪದರವುಳ್ಳ ಎನ್-95 ಗವಸನ್ನು ಸಾಬೂನು ನೀರಿನಲ್ಲಿ ಒಗೆಯಬಾರದು, ಸ್ಪಿರಿಟ್ಟಿನಿಂದ ಒರೆಸಬಾರದು ಎನ್ನುವುದಕ್ಕೆ ಕಾರಣವು ಈಗ ತಾನಾಗಿಯೇ ತಿಳಿಯುತ್ತದೆ: ಬಟ್ಟೆ ಹರಿಯುವುದಿಲ್ಲ, ಗವಸು ಹೊಸದರಂತೆಯೇ ಕಾಣುತ್ತದೆ, ಆದರೆ ಎಳೆಗಳ ಆವೇಶವು ಅಳಿದು ಸೆಳೆಯುವ ಶಕ್ತಿ ಕುಂದಿರುತ್ತದೆ. ಮಿತವಾಗಿ ಬಳಸಿದ್ದನ್ನು ಕಾಗದದ ಚೀಲದಲ್ಲಿಟ್ಟು ಗಾಳಿಯಾಡಿಸಿ, ಕೆಲವು ಗವಸುಗಳನ್ನು ಸರದಿಯ ಮೇಲೆ ಧರಿಸುವುದು ಒಗೆಯುವುದಕ್ಕಿಂತ ಮೇಲು.

ಗವಸಿಗೆ ಎರಡು ಉದ್ದೇಶಗಳಿರಬಹುದೆಂಬುದನ್ನೂ ಇಲ್ಲಿಯೇ ಹೇಳಬೇಕು. ಸ್ಥಾನಕವಾಸಿ ಜೈನ ಸಾಧುಗಳು ಬಾಯಿಗೆ ಕಟ್ಟಿಕೊಳ್ಳುವ ಮುಹಪತ್ತಿಯು ಅವರನ್ನು ರಕ್ಷಿಸುವುದಕ್ಕಾಗಿ ಅಲ್ಲ, ಅವರ ಉಸಿರಿನಿಂದ ಗಾಳಿಯ ಜೀವಗಳಿಗೆ ಹಿಂಸೆಯಾಗದಿರಲೆಂದು. ಶಸ್ತ್ರವೈದ್ಯರ ನೀಲಿ ಮಾಸ್ಕೂ ಮೂಲತಃ ಇಂತಹುದೇ: ವೈದ್ಯನ ಬಾಯ ತುಂತುರು ರೋಗಿಯ ಗಾಯಕ್ಕೆ ಬೀಳದಂತೆ ತಡೆಯುವುದು ಅದರ ಕೆಲಸ. ಅದರ ಬಟ್ಟೆ ಒಳ್ಳೆಯದಿದ್ದರೂ ಕೆನ್ನೆಗಳ ಪಕ್ಕದಲ್ಲಿ ತೆರಪುಂಟು. ಹಾಗೆಂದು ಅದನ್ನು ಹಗುರಾಗಿ ಕಾಣಲಾಗದು. 2020-21ರಲ್ಲಿ ಬಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ವಿಸ್ತಾರವಾದ ಪ್ರಯೋಗವೊಂದರಲ್ಲಿ, ಇಂತಹ ಮಾಸ್ಕುಗಳನ್ನು ಹಂಚಿ ಬಳಕೆಯನ್ನು ಉತ್ತೇಜಿಸಿದ ಹಳ್ಳಿಗಳಲ್ಲಿ ಲಕ್ಷಣಸಹಿತವಾದ ಕೋವಿಡ್ ಸೋಂಕು ಶೇಕಡ 11ರಷ್ಟು ತಗ್ಗಿತು. ಬರಿಯ ಬಟ್ಟೆಯ ಮಾಸ್ಕಿನ ಪ್ರಯೋಜನ ಅಷ್ಟು ಸ್ಪಷ್ಟವಾಗಿ ಕಂಡುಬರಲಿಲ್ಲ. ಧರಿಸಿದವನನ್ನೇ ರಕ್ಷಿಸುವ ಉದ್ದೇಶದಿಂದ ನಿರ್ಮಿತವಾದುವು ಬೇರೆ. ಅಮೆರಿಕದ ಎನ್-95 ಎಂಬುದು ಎಣ್ಣೆಯಂಶವಿಲ್ಲದ ಕಣಗಳಲ್ಲಿ ಶೇಕಡ 95ನ್ನಾದರೂ ಹಿಡಿಯತಕ್ಕದ್ದು. ಯೂರೋಪಿನ ಎಫ್‌ಎಫ್‌ಪಿ ಶ್ರೇಣಿಯಲ್ಲಿ ಒಂದನೆಯದು ಶೇಕಡ 80ನ್ನು, ಎರಡನೆಯದು 94ನ್ನು, ಮೂರನೆಯದು 99ನ್ನು ಹಿಡಿಯಬೇಕು. ನಮ್ಮ ದೇಶದ ಐಎಸ್ 9473 ಮಾನಕವೂ ಇದೇ ಮೂರು ದರ್ಜೆಗಳನ್ನು ಅಂಗೀಕರಿಸಿದೆ. ಮುಂಭಾಗದಲ್ಲಿ ಗುಂಡಿಯಂತಹ ಕವಾಟವಿರುವ ಗವಸಿನಲ್ಲಿ ಬಿಟ್ಟ ಉಸಿರು ಶೋಧನೆಯಾಗದೆಯೇ ಹೊರಬರುತ್ತದೆ. ಧೂಳಿನ ಕೆಲಸಕ್ಕೆ ಅದು ಹಿತಕರ. ಸಾಂಕ್ರಾಮಿಕ ಕಾಲದಲ್ಲಿ ಮಾತ್ರ ಅದು ಎದುರಿಗಿರುವವನಿಗೆ ರಕ್ಷಣೆ ಕೊಡದು. ಕೇಂದ್ರ ಸರ್ಕಾರದ ಆರೋಗ್ಯ ಸೇವಾ ಮಹಾನಿರ್ದೇಶಕರು 2020ರ ಜುಲೈನಲ್ಲಿ ಅದರ ವಿರುದ್ಧ ಎಲ್ಲ ರಾಜ್ಯಗಳಿಗೆ ಬರೆದುದು ಈ ಕಾರಣದಿಂದ.

ಇಷ್ಟೆಲ್ಲ ಹೇಳಿದ ಮೇಲೂ ಅತ್ಯಂತ ಮುಖ್ಯವಾದ ಮಾತು ಉಳಿದೇ ಇದೆ. ಅದು ಬಟ್ಟೆಯದಲ್ಲ, ಅಂಚಿನದು. ಗಾಳಿಯು ಸದಾ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ಒಳಹೋಗುವ ಗಾಳಿಯ ಐದನೆಯ ಒಂದು ಪಾಲು ಕೆನ್ನೆಯ ಪಕ್ಕದ ಸಂದಿನಿಂದ ನುಗ್ಗುತ್ತಿದೆಯೆಂದು ಭಾವಿಸೋಣ. ಆಗ ಶೇಕಡ 95ರ ಶೋಧಕವನ್ನು ಧರಿಸಿದವನಿಗೆ ಸಂದಿನಿಂದ ಬಂದ 20 ಪಾಲು, ಬಟ್ಟೆಯಲ್ಲಿ ನುಸುಳಿದ 4 ಪಾಲು, ಒಟ್ಟು 24 ಪಾಲು ಧೂಳು ಸಲ್ಲುತ್ತದೆ. ಇಮ್ಮಡಿ ಬೆಲೆ ಕೊಟ್ಟು ಶೇಕಡ 99ರ ಶೋಧಕವನ್ನು ತಂದರೂ ಅದೇ ಸಂದು ಉಳಿದಿದ್ದರೆ 21 ಪಾಲಿಗೆ ಸ್ವಲ್ಪವಷ್ಟೇ ಕಡಮೆಯಾದೀತು. ಅದಕ್ಕೆ ಬದಲಾಗಿ, ಮೊದಲಿನ ಗವಸನ್ನೇ ಚೆನ್ನಾಗಿ ಕೂಡಿಸಿ ಸಂದನ್ನು ಶೇಕಡ ಎರಡಕ್ಕೆ ಇಳಿಸಿದರೆ, ಒಳಸೇರುವುದು ಏಳು ಪಾಲು ಮಾತ್ರ. ಕೊಳ್ಳುವವನು ತನ್ನ ಹಣವನ್ನು ಶೋಧಕದ ಅಂಕಿಯ ಮೇಲೆ ಸುರಿಯುವುದಕ್ಕಿಂತ, ತನ್ನ ಮುಖಕ್ಕೆ ಒಪ್ಪುವ ಆಕಾರವನ್ನು ಹುಡುಕುವುದರಲ್ಲಿ ವ್ಯಯಿಸುವುದು ಹೆಚ್ಚು ಫಲಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಧರಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದಲೇ ನೋಡೋಣ. ಗವಸಿನ ಬಟ್ಟಲನ್ನು ಅಂಗೈಯಲ್ಲಿ ಇಟ್ಟುಕೊಂಡು, ಲೋಹದ ಪಟ್ಟಿಯಿರುವ ಕಡೆ ಬೆರಳ ತುದಿಗಳತ್ತಲೂ, ಪಟ್ಟಿಗಳು ಕೈಯ ಕೆಳಗೆ ಜೋತುಬೀಳುವಂತೆಯೂ ಹಿಡಿಯಬೇಕು. ಗದ್ದವು ಒಳಗೆ ಸೇರುವಂತೆ ಮುಖಕ್ಕೆ ಒತ್ತಿ, ಮೇಲಿನ ಪಟ್ಟಿಯನ್ನು ನೆತ್ತಿಯ ಹಿಂಭಾಗಕ್ಕೂ ಕೆಳಗಿನದನ್ನು ಕಿವಿಗಳ ಕೆಳಗೆ ಕತ್ತಿನ ಹಿಂದಕ್ಕೂ ಎಳೆಯಬೇಕು. ಎರಡನ್ನೂ ಒಂದೇ ಕಡೆ ಹಾಕಿದರೆ ಬಟ್ಟಲು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಆಮೇಲೆ ಎರಡೂ ಕೈಗಳ ತೋರುಬೆರಳು ನಡುಬೆರಳುಗಳಿಂದ ಲೋಹದ ಪಟ್ಟಿಯನ್ನು ಮೂಗಿನ ಏಣಿನ ಮೇಲೆ ಇಟ್ಟು, ನಡುವಿನಿಂದ ಎರಡು ಪಕ್ಕಗಳಿಗೂ ಒತ್ತುತ್ತ ಬರಬೇಕು. ಒಂದೇ ಕೈಯಿಂದ ಚಿವುಟಿದರೆ ಪಟ್ಟಿಯು ಮೊನೆಯಾಗಿ ಬಾಗಿ, ಮೂಗಿನ ಇಕ್ಕೆಲದಲ್ಲೂ ಒಂದೊಂದು ತೂಬು ತೆರೆದುಕೊಳ್ಳುತ್ತದೆ. ಕಡೆಯದಾಗಿ ಎರಡೂ ಅಂಗೈಗಳಿಂದ ಗವಸನ್ನು ಮುಚ್ಚಿ ಜೋರಾಗಿ ಉಸಿರು ಬಿಟ್ಟರೆ, ಅಂಚಿನಲ್ಲಿ ಎಲ್ಲಿ ತಣ್ಣಗೆ ಗಾಳಿ ಸೋಕುತ್ತದೆಯೋ ಅಲ್ಲಿ ಸಂದಿದೆಯೆಂದು ತಿಳಿಯಬೇಕು. ಉಸಿರನ್ನು ಒಳಗೆಳೆದಾಗ ಬಟ್ಟಲು ತುಸು ಕುಗ್ಗಿದರೆ ಕೂಡಿಕೆ ಸರಿಯಾಗಿದೆ. ಕನ್ನಡಕ ಮಬ್ಬಾಗುವುದು ಮೂಗಿನ ಬಳಿ ಗಾಳಿ ಸೋರುತ್ತಿರುವುದರ ನಿಶ್ಚಿತವಾದ ಸೂಚನೆ. ಗವಸಿನ ಅಂಚಿಗೂ ಚರ್ಮಕ್ಕೂ ನಡುವೆ ಏನೂ ಇರಕೂಡದು: ಸೆರಗಾಗಲಿ, ಟವೆಲಾಗಲಿ, ಮೂರು ದಿನದ ಗಡ್ಡವಾಗಲಿ ಸಂದನ್ನು ತೆರೆಯಲು ಸಾಕು. ಶ್ರದ್ಧೆಯಿಂದ ಗಡ್ಡ ಬಿಟ್ಟ ಬ್ರಿಟನ್ನಿನ ಸಿಖ್ ವೈದ್ಯರು ಕೋವಿಡ್ ಕಾಲದಲ್ಲಿ, ಗಡ್ಡವನ್ನು ರಬ್ಬರಿನ ಅಗಲ ಪಟ್ಟಿಯಿಂದ ಬಿಗಿದು ಮುಚ್ಚಿ ಅದರ ಮೇಲೆ ಗವಸನ್ನು ಕೂಡಿಸುವ ಉಪಾಯವನ್ನು ಬಳಕೆಗೆ ತಂದರು.

ಎರಡು ವರ್ಷದೊಳಗಿನ ಶಿಶುವಿಗೆ ಯಾವ ಗವಸನ್ನೂ ಹಾಕಬಾರದು. ಉಸಿರು ಕಟ್ಟಿದರೆ ಅದು ತಾನಾಗಿ ಕಿತ್ತೊಗೆಯಲಾರದು. ದೊಡ್ಡವರ ಅಳತೆಯ ಎನ್-95 ಮಕ್ಕಳ ಮುಖದ ಮೇಲೆ ಎಲ್ಲ ಕಡೆಯೂ ಬಾಯಿ ಬಿಟ್ಟುಕೊಂಡಿರುತ್ತದೆಯಾದುದರಿಂದ, ಅವರನ್ನು ಧೂಳು ಹೊಗೆಗಳಿಂದ ದೂರವಿರಿಸುವುದೇ ಸರಿಯಾದ ಉಪಾಯ. ಹೃದ್ರೋಗ, ಉಬ್ಬಸಗಳಿರುವವರು ವೈದ್ಯರನ್ನು ಕೇಳಿಯೇ ಬಿಗಿಯಾದ ಗವಸನ್ನು ಉಪಯೋಗಿಸಬೇಕು.

ಅಂಗಡಿಯಲ್ಲಿ ನೋಡಬೇಕಾದ ಗುರುತುಗಳು ಕೆಲವೇ. ನಮ್ಮಲ್ಲಿ ತಯಾರಾದುದರ ಮೇಲೆ ಐಎಸ್‌ಐ ಮುದ್ರೆ, ಐಎಸ್ 9473 ಎಂಬ ಸಂಖ್ಯೆ, ಎಫ್‌ಎಫ್‌ಪಿ ದರ್ಜೆ, ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಗಳಿರಬೇಕು. ಅಮೆರಿಕದ ನಿಜವಾದ ಎನ್-95 ಮೇಲೆ ಟಿಸಿ-84ಎ ಎಂದು ಮೊದಲಾಗುವ ಅನುಮತಿ ಸಂಖ್ಯೆಯಿರುತ್ತದೆ. ಅದಕ್ಕೆ ತಲೆಯ ಹಿಂದೆ ಹೋಗುವ ಪಟ್ಟಿಗಳಿರುವುದೇ ರೂಢಿ, ಕಿವಿಗೆ ಸಿಕ್ಕಿಸುವ ಕುಣಿಕೆಗಳಲ್ಲ. ಬರಿದೆ ‘ಎನ್-95’ ಎಂದು ದೊಡ್ಡಕ್ಷರದಲ್ಲಿ ಅಚ್ಚೊತ್ತಿ ಬೇರೇನನ್ನೂ ಹೇಳದ ಸರಕನ್ನು ನಂಬಬಾರದು.

ಮನೆಯಲ್ಲಿ ಇಂತಹ ಗವಸಿಗೆ ಕೆಲಸವುಂಟೇ ಎಂದರೆ, ಸಾಂಕ್ರಾಮಿಕವಿಲ್ಲದ ಕಾಲದಲ್ಲಿಯೂ ಬೇಕಾದಷ್ಟುಂಟು. ಹಬ್ಬದ ಮುಂಚೆ ಅಟ್ಟದ ಧೂಳು ಇಳಿಸುವುದು, ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜುವುದು, ಸಿಮೆಂಟು ಕಲಸುವುದು, ಟೈಲ್ಸ್ ಕತ್ತರಿಸುವುದು, ಇವೆಲ್ಲ ಪುಪ್ಪುಸಕ್ಕೆ ಹೊರೆ. ಹಳೆಯ ಬಣ್ಣದಲ್ಲಿ ಸೀಸವೂ, ಚಾವಣಿಯ ಹಳೆಯ ಸಿಮೆಂಟು ಶೀಟಿನಲ್ಲಿ ಕಲ್ನಾರೂ ಇರಬಹುದಾದುದರಿಂದ ಅವನ್ನು ಒಣಗಿದಂತೆಯೇ ಕೊಯ್ಯುವುದು ಬಹಳ ಅಪಾಯಕರ. 2018ರ ಆಗಸ್ಟಿನ ಮಳೆಯಲ್ಲಿ ಕೊಡಗಿನ ಮನೆಗಳಿಗಾದಂತೆ ನೆರೆಯ ನೀರು ಹೊಕ್ಕು ಇಳಿದ ಮೇಲೆ, ಗೋಡೆ ಹಾಸಿಗೆಗಳಲ್ಲಿ ಬೂಷ್ಟು ಬೆಳೆಯುತ್ತದೆ. ಅದನ್ನು ತೊಳೆಯಲು ಹೋಗುವವರಿಗೆ ಗವಸು ಅತ್ಯವಶ್ಯಕ. ಮಲೆನಾಡಿನಲ್ಲಿ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವವರಿಗೂ ತುಂತುರಿನಿಂದ ರಕ್ಷಣೆ ಬೇಕು, ಕಣ್ಣಿಗೂ ಕೂಡ. ಆದರೆ ಗದ್ದೆಗೆ ಹೊಡೆಯುವ ಕೀಟನಾಶಕಗಳಲ್ಲಿ ಅನೇಕವು ತುಂತುರಾಗಿ ಬಿದ್ದು ಆವಿಯಾಗಿ ಏಳತಕ್ಕವು. ಅಲ್ಲಿ ಧೂಳಿನ ಗವಸು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಆ ಉಳಿದರ್ಧದ ವಿಚಾರವೇ ಎರಡನೆಯ ಬಗೆಯದು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಹೊರವಲಯದ ಆರ್.ಆರ್. ವೆಂಕಟಾಪುರದಲ್ಲಿ, ಕಾರ್ಖಾನೆಯೊಂದರ ತೊಟ್ಟಿಯಿಂದ ಸ್ಟೈರೀನ್ ಆವಿಯು ಸೋರಿ, ನಿದ್ದೆಯಲ್ಲಿದ್ದವರ ಮನೆಗಳೊಳಗೆ ಹರಡಿತು. ಜನರು ಬೀದಿಗಳಲ್ಲಿ ಓಡುತ್ತ ಓಡುತ್ತಲೇ ಕುಸಿದರು. ದೇಶವೆಲ್ಲ ಮುಖಗವಸು ಧರಿಸಿದ್ದ ಕಾಲ ಅದು. ಆದರೆ ಯಾವ ಮನೆಯಲ್ಲಿಯೂ ಆ ಹೊತ್ತಿಗೆ ನೆರವಾಗುವಂತಹ ಗವಸಿರಲಿಲ್ಲ. ಆವಿಯ ಅಣುವು ಎಳೆಗೆ ಬಡಿದರೂ ಅಂಟುವುದಿಲ್ಲ. ಅದನ್ನು ಹಿಡಿಯಲು ಒಂದು ಗ್ರಾಮಿನಲ್ಲಿ ಸಾವಿರ ಚದರ ಮೀಟರಿನಷ್ಟು ಒಳಮೈಯುಳ್ಳ ಸಕ್ರಿಯ ಇದ್ದಿಲು ಬೇಕು. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಜರ್ಮನರು ಕ್ಲೋರಿನ್ನನ್ನು ಹರಿಯಬಿಟ್ಟ ಮೇಲೆ, ಅದೇ ವರ್ಷ ರಷ್ಯದ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಿಲಿನ ಗವಸನ್ನು ರೂಪಿಸಿದರು. ಇಂದು ಬಣ್ಣ ಹೊಡೆಯುವವರು ತೊಡುವ, ಎರಡು ಡಬ್ಬಿಗಳನ್ನು ತಿರುಪಿ ಕೂಡಿಸುವ ರಬ್ಬರಿನ ಗವಸು ಅದರ ವಂಶದ್ದೇ. ಒಂದೊಂದು ಡಬ್ಬಿಯೂ ಒಂದೊಂದು ಅನಿಲವರ್ಗಕ್ಕೆ ಮಾತ್ರ. ಅಮೆರಿಕದ ಪದ್ಧತಿಯಲ್ಲಿ ಸಾವಯವ ಆವಿಗಳ ಡಬ್ಬಿ ಕಪ್ಪು, ಯೂರೋಪಿನಲ್ಲಿ ಅದೇ ಕಂದು. ಬಣ್ಣವನ್ನು ನೋಡಿ ಊಹಿಸದೆ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ಮೊಹರು ಒಡೆದ ಡಬ್ಬಿಯು ಬಳಸದಿದ್ದರೂ ಗಾಳಿಯ ತೇವವನ್ನೂ ವಾಸನೆಗಳನ್ನೂ ಹೀರಿಕೊಳ್ಳುತ್ತ ದಿನೇ ದಿನೇ ಸವೆಯುತ್ತದೆ.

ಹಾಗಾದರೆ ಪ್ರತಿ ಗೃಹಸ್ಥನೂ ವಿಷಾನಿಲದ ಗವಸನ್ನು ಕೊಂಡು ಬೀರುವಿನಲ್ಲಿ ಇಡಬೇಕೆ? ಬೇಡವೆಂದೇ ನನ್ನ ಸಲಹೆ. 1991ರ ಜನವರಿಯಲ್ಲಿ ಇರಾಕಿನ ಕ್ಷಿಪಣಿಗಳು ಬೀಳುತ್ತಿದ್ದಾಗ, ಇಸ್ರೇಲಿನಲ್ಲಿ ಮನೆಮನೆಗೂ ಹಂಚಿದ್ದ ಗವಸುಗಳನ್ನು ಭಯದಲ್ಲಿ ತೊಟ್ಟ ಕೆಲವರು ಶೋಧಕದ ಮುಚ್ಚಳವನ್ನು ತೆಗೆಯಲು ಮರೆತು, ವಿಷಾನಿಲವೇ ಇಲ್ಲದ ಕೋಣೆಯಲ್ಲಿ ಉಸಿರುಕಟ್ಟಿ ಸತ್ತರು. ಅಭ್ಯಾಸವಿಲ್ಲದ ಸಾಧನವು ತುರ್ತಿನ ವೇಳೆಯಲ್ಲಿ ಹೀಗೂ ಆಗಬಲ್ಲುದು. ಹಳೆಯ ಸೈನಿಕ ಗವಸುಗಳನ್ನಂತೂ ಮುಟ್ಟಲೇಬಾರದು. ಎರಡನೆಯ ಮಹಾಯುದ್ಧದ ಬ್ರಿಟಿಷ್ ಗವಸುಗಳಲ್ಲಿ ಎಷ್ಟೋ ಶೋಧಕಗಳು ಕಲ್ನಾರಿನಿಂದ ಮಾಡಿದುವು. ಅನಿಲ ಸೋರಿದಾಗ ಮನೆಯವರು ಮಾಡಬೇಕಾದುದು ಗಾಳಿಯ ದಿಕ್ಕಿಗೆ ಅಡ್ಡಲಾಗಿ ದೂರ ಸರಿಯುವುದು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರವಾಗಿ ತಗ್ಗಿನಲ್ಲಿ ಮಡುಗಟ್ಟುವುದರಿಂದ ಎತ್ತರಕ್ಕೆ ಹೋಗಬೇಕು. ಐಸ್ ಕಾರ್ಖಾನೆ, ಶೀತಲಗೃಹಗಳಿಂದ ಸೋರುವ ಅಮೋನಿಯ ನೀರಿನಲ್ಲಿ ಬಹುವಾಗಿ ಕರಗುತ್ತದೆಯಾಗಿ, ಓಡುವಷ್ಟು ಹೊತ್ತು ಒದ್ದೆಬಟ್ಟೆ ತಕ್ಕಮಟ್ಟಿಗೆ ನೆರವಾದೀತು. ಬ್ಲೀಚಿಂಗ್ ಪುಡಿಯ ಮೇಲೆ ಕಕ್ಕಸು ತೊಳೆಯುವ ಆಸಿಡ್ಡನ್ನು ಸುರಿದರೆ ನಮ್ಮ ಸ್ನಾನದ ಮನೆಯಲ್ಲಿಯೇ ಕ್ಲೋರಿನ್ ಹುಟ್ಟುತ್ತದೆ. ಆ ಎರಡನ್ನು ಒಂದೇ ದಿನ ಬಳಸದಿರುವುದು ಎಲ್ಲ ಗವಸುಗಳಿಗಿಂತ ಉತ್ತಮವಾದ ರಕ್ಷೆ.

ಬೆಂಕಿಯ ಹೊಗೆಯಲ್ಲಿ ಮಸಿಯೂ ಉಂಟು, ಅನಿಲವೂ ಉಂಟು. ಎನ್-95 ಆಗಲಿ ಒದ್ದೆಬಟ್ಟೆಯಾಗಲಿ ಮಸಿಯನ್ನು ತಡೆದು ಕೆಮ್ಮನ್ನು ಕಡಮೆ ಮಾಡುತ್ತದೆ. ಕೊಲ್ಲುವ ಇಂಗಾಲದ ಮಾನಾಕ್ಸೈಡ್ ಅಡೆತಡೆಯಿಲ್ಲದೆ ಒಳಹೋಗಿ, ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಿನ ಆಸಕ್ತಿಯಿಂದ ರಕ್ತದ ಹೀಮೋಗ್ಲೋಬಿನ್ನಿಗೆ ಅಂಟುತ್ತದೆ. ಇದ್ದಿಲು ಸಹ ಅದನ್ನು ಹಿಡಿಯದು. ಎತ್ತರದ ಕಟ್ಟಡಗಳಲ್ಲಿ ವಾಸಿಸುವವರು ಇಟ್ಟುಕೊಳ್ಳಬಹುದಾದ, ತಲೆಯನ್ನೆಲ್ಲ ಮುಚ್ಚುವ ಪಲಾಯನ ಮುಸುಕುಗಳಲ್ಲಿ ಮಾನಾಕ್ಸೈಡನ್ನು ಡೈಆಕ್ಸೈಡನ್ನಾಗಿ ಪರಿವರ್ತಿಸುವ ಹಾಪ್‌ಕಲೈಟ್ ಎಂಬ ಮ್ಯಾಂಗನೀಸ್-ತಾಮ್ರಗಳ ಆಕ್ಸೈಡು ಮಿಶ್ರಣವಿರುತ್ತದೆ. ಅವು ಸುಮಾರು ಹದಿನೈದು ನಿಮಿಷ ಕೆಲಸ ಮಾಡಿದರೆ ಹೆಚ್ಚು. ಅದು ಹೊರಕ್ಕೆ ಓಡಲಿಕ್ಕೆ ಕೊಟ್ಟ ಕಾಲ. ಒಳಗಿನ ಒಡವೆ ಕಾಗದಪತ್ರಗಳನ್ನು ಅರಸಲಿಕ್ಕೆ ಅಲ್ಲ.

ಮೂರನೆಯ ಬಗೆಯ ಕೇಡನ್ನು ಕೊನೆಗೆ ಉಳಿಸಿಕೊಂಡದ್ದು, ನಮ್ಮ ಊರುಗಳಲ್ಲಿ ಇಂದಿಗೂ ಜನರು ಅದರಿಂದ ಸಾಯುತ್ತಿರುವುದರಿಂದ. ಗಾಳಿಯಲ್ಲಿ ಆಮ್ಲಜನಕ ಶೇಕಡ 20.9 ಇರುತ್ತದೆ, 19.5ಕ್ಕಿಂತ ಇಳಿದ ಜಾಗವನ್ನು ಅಪಾಯಕರವೆಂದೇ ಎಣಿಸುವರು. ಆರಕ್ಕೆ ಇಳಿದಲ್ಲಿ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಉಸಿರು ಸಾಲದೆಂಬ ತಹತಹ ಹುಟ್ಟುವುದು ಒಳಗೆ ಕೂಡಿದ ಇಂಗಾಲದ ಡೈಆಕ್ಸೈಡಿನಿಂದಲೇ ಹೊರತು ಆಮ್ಲಜನಕದ ಅಭಾವದಿಂದಲ್ಲವಾದ ಕಾರಣ, ಬೀಳುವವನಿಗೆ ಮುನ್ನೆಚ್ಚರಿಕೆಯೂ ದೊರೆಯದಿರಬಹುದು. ಬಹುಕಾಲ ಬಳಸದ ಪಾಳುಬಾವಿ, ಮುಚ್ಚಿದ ಮಲಗುಂಡಿ, ಬೀದಿಯ ಮ್ಯಾನ್‌ಹೋಲು, ಹಸುರು ಮೇವು ಕೊಳೆಹಾಕಿದ ರಸಮೇವಿನ ಗುಂಡಿ, ಇವೆಲ್ಲ ಅಂತಹ ಜಾಗಗಳು. ಮಲಗುಂಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡು ಬೇರೆ ಸೇರಿರುತ್ತದೆ. ಅದು ಹೆಚ್ಚಿದಾಗ ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ, ವಾಸನೆ ನಿಂತಿತೆಂದು ಧೈರ್ಯಗೊಂಡವನು ಅಲ್ಲೇ ಉರುಳುತ್ತಾನೆ. ಹಗ್ಗಕ್ಕೆ ದೀಪ ಕಟ್ಟಿ ಬಾವಿಗೆ ಇಳಿಬಿಟ್ಟು ನೋಡುವ ಹಿರಿಯರ ಪರೀಕ್ಷೆಯು ಆಮ್ಲಜನಕದ ಅಭಾವವನ್ನು ತೋರಿಸಬಲ್ಲುದಾದರೂ ಸಲ್ಫೈಡನ್ನು ತೋರಿಸದು. ಮೀಥೇನ್ ಇರುವ ಗುಂಡಿಯಲ್ಲಿ ಆ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಶೋಧಕವು ಎಷ್ಟೇ ಶ್ರೇಷ್ಠವಾಗಿದ್ದರೂ ಇರುವ ಗಾಳಿಯನ್ನು ಶುದ್ಧಮಾಡಬಹುದೇ ಹೊರತು, ಇಲ್ಲದ ಆಮ್ಲಜನಕವನ್ನು ಸೃಷ್ಟಿಸಲಾರದು. ಇಲ್ಲಿ ಬೇಕಾದುದು ಬೆನ್ನಮೇಲೆ ಗಾಳಿಯ ಸಿಲಿಂಡರನ್ನು ಹೊತ್ತು ಇಳಿಯುವ ಅಗ್ನಿಶಾಮಕ ದಳದ ಸಾಧನ. ಅದನ್ನು ತೊಡಲು ತರಬೇತಿ ಬೇಕು.

ಗುಂಡಿಗೆ ಬಿದ್ದ ಒಬ್ಬನನ್ನು ಎತ್ತಲು ಅಣ್ಣನೋ ಮಗನೋ ಇಳಿದು, ಅವರ ಹಿಂದೆ ನೆರೆಯವನೂ ಇಳಿದು, ಒಂದು ಸಾವು ಮೂರಾದ ವಾರ್ತೆಗಳನ್ನು ನಾವು ವರ್ಷವರ್ಷವೂ ಓದುತ್ತೇವೆ. ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಅಂತಹ ಸಮಯದಲ್ಲಿ ಮನೆಯಲ್ಲಿರುವ ಯಾವ ಮಾಸ್ಕನ್ನೂ ನಂಬಿ ಯಾರೂ ಕೆಳಗೆ ಇಳಿಯಬೇಡಿ, ಇಳಿಯಲು ಹೊರಟವರನ್ನು ಹಿಡಿದು ನಿಲ್ಲಿಸಿ, ಮೇಲಿನಿಂದಲೇ ಹಗ್ಗವನ್ನು ಇಳಿಬಿಡಿ, ಒಡನೆಯೇ 101ಕ್ಕೋ 112ಕ್ಕೋ ಕರೆಮಾಡಿ.